ಮುಂಬೈ, ಪುಣೆಯಿಂದ ವಿಲಿಯಮ್ಸ್‌ಪೋರ್ಟ್‌ಗೆ: ಮಕ್ಕಳ ಬೇಸ್‌ಬಾಲ್ ವಿಶ್ವಕೂಟ ನೋಡಲು ಹೋಗುವವರಿಗೆ ಮಾರ್ಗದರ್ಶಿ

ಪ್ರತಿ ವರ್ಷ ಮಾಟುಂಗಾ, ಚೆಂಬೂರು, ಡೊಂಬಿವಲಿ, ಕೊಥ್ರೂಡ್ ಕಡೆಯ ಕನ್ನಡ ಮನೆಗಳಿಂದ ಅಪ್ಪ ಅಮ್ಮಂದಿರು ಅಮೆರಿಕಕ್ಕೆ ಹೊರಡುತ್ತಾರೆ. ಮಗಳ ಮನೆ ನ್ಯೂಜರ್ಸಿಯಲ್ಲಿ, ಮಗನ ಮನೆ ಫಿಲಡೆಲ್ಫಿಯಾ ಹತ್ತಿರ. ನಯಾಗರ ಆಯಿತು, ವಾಷಿಂಗ್ಟನ್ ಆಯಿತು. ಆಮೇಲೆ ಮೊಮ್ಮಗನೋ ಮೊಮ್ಮಗಳೋ ಹಟ ಹಿಡಿಯುತ್ತಾರೆ: ‘ಅಜ್ಜಾ, ಲಿಟಲ್ ಲೀಗ್ ನೋಡೋಕೆ ಹೋಗೋಣ.’ ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಎಲ್ಲರದೂ ಒಂದೇ. ಟಿಕೆಟ್ ಎಷ್ಟು? ಎಲ್ಲಿ ಉಳಿಯುವುದು? ಆಟ ನಮಗೆ ಅರ್ಥವಾಗುತ್ತಾ? ಅಮೆರಿಕದಲ್ಲಿ ನಮ್ಮವರು ಯಾರೂ ಇಲ್ಲ, ಇದಕ್ಕೇ ಅಂತ ಇಲ್ಲಿಂದ ಹೋಗಬಹುದಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹೋಗಬಹುದು, ಖಂಡಿತ. ಟಿಕೆಟ್ಟಿಗೆ ಒಂದು ಪೈಸೆಯೂ ಇಲ್ಲ, ಪ್ರವೇಶ ಉಚಿತ. ಕಷ್ಟ ಇರುವುದು ಬೇರೆ ಕಡೆ: ವೀಸಾದ ದಿನಾಂಕ, ಉಳಿಯುವ ಕೋಣೆ. ಇವೆರಡನ್ನು ಮೊದಲೇ ಮಾಡಿಕೊಂಡವರಿಗೆ ಉಳಿದದ್ದೆಲ್ಲ ಸಲೀಸು. ತಡ ಮಾಡಿದವರಿಗೆ ಉಚಿತ ಪ್ರವೇಶ ಇದ್ದೂ ಉಪಯೋಗವಿಲ್ಲ.

ಮೊದಲು, ಇದು ಯಾವ ಕೂಟ

ಲಿಟಲ್ ಲೀಗ್ ಅನ್ನುವುದು ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ. 1939ರಲ್ಲಿ ಕಾರ್ಲ್ ಸ್ಟಾಟ್ಸ್ ಎಂಬುವರು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಶುರು ಮಾಡಿದರು. ಅದರ ವಿಶ್ವಕೂಟ, ಅಂದರೆ ಲಿಟಲ್ ಲೀಗ್ ವರ್ಲ್ಡ್ ಸೀರೀಸ್, 1947ರಿಂದ ನಡೆಯುತ್ತಿದೆ. ಈಗ ಪಂದ್ಯಗಳು ನಡೆಯುವುದು ನದಿಯ ಆಚೆ ದಂಡೆಯ ಸೌತ್ ವಿಲಿಯಮ್ಸ್‌ಪೋರ್ಟ್‌ನಲ್ಲಿ. ಆಡುವ ಮಕ್ಕಳ ವಯಸ್ಸು 10ರಿಂದ 12.

2022ರಿಂದ ಇಲ್ಲಿ 20 ತಂಡಗಳು ಆಡುತ್ತಿವೆ. ಅಮೆರಿಕದ ಬೇರೆ ಬೇರೆ ಭಾಗಗಳಿಂದ 10, ಹೊರಗಿನ ದೇಶಗಳಿಂದ 10. ಜಪಾನ್, ಮೆಕ್ಸಿಕೊ, ಕೆನಡಾ, ಆಸ್ಟ್ರೇಲಿಯಾ, ಏಷ್ಯಾ-ಪೆಸಿಫಿಕ್, ಕೆರಿಬಿಯನ್, ಯೂರೋಪ್-ಆಫ್ರಿಕಾ, ಹೀಗೆ ಒಂದೊಂದು ಪ್ರದೇಶಕ್ಕೆ ಒಂದೊಂದು ಜಾಗ. ಭಾರತದ ತಂಡ ಇನ್ನೂ ಈ ಹಂತಕ್ಕೆ ಬಂದಿಲ್ಲ. ಆದರೂ ಹೊರದೇಶದ ಗುಂಪು ನೋಡುವುದರಲ್ಲೇ ದೊಡ್ಡ ಖುಷಿ ಇದೆ. 2004ರಲ್ಲಿ ಕ್ಯುರಸಾವ್ ಎಂಬ ಪುಟ್ಟ ದ್ವೀಪದ ಮಕ್ಕಳು ಕಪ್ ಗೆದ್ದಿದ್ದರು. 2012ರಲ್ಲಿ ಉಗಾಂಡದ ಮಕ್ಕಳು ಬಂದು ಆಡಿದ ಮೊದಲ ಆಫ್ರಿಕನ್ ತಂಡವಾದರು. 2025ರಲ್ಲಿ ಗೆದ್ದದ್ದು ತೈವಾನಿನ ಮಕ್ಕಳು, ಅದು ಅವರ 18ನೇ ಕಪ್. ಕೂಟದಲ್ಲಿ ಅವರ ಹೆಸರು ‘ಚೈನೀಸ್ ತೈಪೆ’ ಅಂತ ಇರುತ್ತದೆ. ಅಂತರರಾಷ್ಟ್ರೀಯ ಕ್ರೀಡೆಗಳಲ್ಲಿ ತೈವಾನ್ ಆಡುವುದು ಆ ಹೆಸರಿನಲ್ಲಿ. ಚೀನಾ ತಂಡ ಅಂದುಕೊಳ್ಳಬೇಡಿ.

ಹಂತ 1: ದಿನಾಂಕ ನೋಡಿ, ಎಷ್ಟು ದಿನ ಅಂತ ನಿರ್ಧರಿಸಿ

ಕೂಟ ಆಗಸ್ಟ್ ನಡುವಿನಲ್ಲಿ ಒಂದು ಬುಧವಾರ ಶುರುವಾಗಿ ಮುಂದಿನ ವಾರದ ಭಾನುವಾರ ಮುಗಿಯುತ್ತದೆ. 2025ರಲ್ಲಿ ಆಗಸ್ಟ್ 13ರಿಂದ 24ರವರೆಗೆ ಇತ್ತು. ಆಯಾ ವರ್ಷದ ತಾರೀಖನ್ನು ಲಿಟಲ್ ಲೀಗ್‌ನ ಅಧಿಕೃತ ಜಾಲತಾಣದಲ್ಲೇ ನೋಡಿ. ಹಳೆಯ ಪುಟ ನೋಡಿ ಟಿಕೆಟ್ ಮಾಡಿಸಿಬಿಡಬೇಡಿ.

ನಮಗೆ ಇನ್ನೊಂದು ಲೆಕ್ಕವೂ ಇದೆ, ಹಬ್ಬದ್ದು. 2025ರಲ್ಲಿ ಫೈನಲ್ ಆಗಿ ಮೂರನೇ ದಿನ, 27ಕ್ಕೆ, ಗಣೇಶ ಚತುರ್ಥಿ. ಮನೆಯಲ್ಲಿ ಗಣಪತಿ ಕೂರಿಸುವವರು ಪಂಚಾಂಗ ಪಕ್ಕದಲ್ಲಿಟ್ಟುಕೊಂಡೇ ವಾಪಸ್ ಟಿಕೆಟ್ ಮಾಡಿಸಿ. ಹಬ್ಬದ ಮುಂಚಿನ ವಾರ ಮುಂಬೈಗೆ ಬರುವ ವಿಮಾನಗಳ ದರ ಸುಮ್ನೆ ಏರುತ್ತದೆ.

ಹನ್ನೆರಡು ದಿನವೂ ನೋಡಬೇಕಾಗಿಲ್ಲ. ಎರಡರಿಂದ ಮೂರು ದಿನ ಸಾಕು. ನನ್ನನ್ನು ಕೇಳಿದರೆ ಮೊದಲ ಗುರುವಾರ, ಶುಕ್ರವಾರ ಹೋಗಿ. ಆಗ ದಿನಕ್ಕೆ ನಾಲ್ಕು ಪಂದ್ಯಗಳ ತನಕ ನಡೆಯುತ್ತವೆ, ಎಲ್ಲ ತಂಡಗಳೂ ಇನ್ನೂ ಊರಲ್ಲೇ ಇರುತ್ತವೆ, ಸೋತ ಮಕ್ಕಳ ಮುಖವೂ ಅಷ್ಟು ಬಾಡಿರುವುದಿಲ್ಲ. ಕೊನೆಯ ವಾರಾಂತ್ಯದಲ್ಲಿ ಆಟದ ಮಟ್ಟ ಜಾಸ್ತಿ, ಜನವೂ ಜಾಸ್ತಿ. ಮೊಣಕಾಲು ನೋವು ಇರುವ ಹಿರಿಯರು ಜೊತೆಗಿದ್ದರೆ ಫೈನಲ್‌ನ ಆಸೆ ಬಿಟ್ಟು ಮೊದಲ ವಾರ ಆರಿಸಿಕೊಳ್ಳುವುದೇ ಒಳ್ಳೆಯದು.

ಕೂಟದ ನಡುವಿನ ಒಂದು ಭಾನುವಾರ ಊರಿನ ಬೋಮನ್ ಫೀಲ್ಡ್‌ನಲ್ಲಿ ಎರಡು ದೊಡ್ಡ ವೃತ್ತಿಪರ ತಂಡಗಳು ಮಕ್ಕಳಿಗಾಗಿಯೇ ಒಂದು ಪಂದ್ಯ ಆಡುತ್ತವೆ. 2017ರಿಂದ ಇದು ನಡೆದುಬಂದಿದೆ. ಅದು ಕೂಟದ ಮಕ್ಕಳು, ಅವರ ಮನೆಯವರು, ಸ್ಥಳೀಯರಿಗಾಗಿ ಇರುವ ಪಂದ್ಯ. ಹೊರಗಿನವರಿಗೆ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಆ ದಿನ ರಸ್ತೆಯಲ್ಲಿ ಗದ್ದಲ ಇರುತ್ತದೆ ಎಂಬುದನ್ನಷ್ಟೇ ನೆನಪಿಡಿ.

ಹಂತ 2: ವೀಸಾ

ಈಗಾಗಲೇ ಹತ್ತು ವರ್ಷದ ವೀಸಾ ಇರುವವರು ಇದನ್ನು ಬಿಟ್ಟು ಮುಂದೆ ಹೋಗಿ. ಪಾಸ್‌ಪೋರ್ಟ್ ಹಳೆಯದಾಗಿ ಹೊಸದು ಮಾಡಿಸಿದ್ದರೆ, ವೀಸಾ ಇರುವ ಹಳೆಯ ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯಬೇಕು. ಅದನ್ನು ಕಪಾಟಿನಲ್ಲೇ ಬಿಟ್ಟು ಏರ್‌ಪೋರ್ಟಿಗೆ ಬಂದವರು ಇದ್ದಾರೆ.

ಹೊಸಬರಿಗೆ ಬೇಕಾದದ್ದು ಬಿ-1/ಬಿ-2 ವೀಸಾ, ಅಂದರೆ ಪ್ರವಾಸಿ ವೀಸಾ. ಕ್ರಮ ಹೀಗೆ:

ಮೊದಲು ಆನ್‌ಲೈನ್‌ನಲ್ಲಿ ಡಿಎಸ್-160 ಎಂಬ ಅರ್ಜಿ ತುಂಬಬೇಕು. ಹೆಸರು, ಹುಟ್ಟಿದ ತಾರೀಖು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಲಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಹಿಂದೆ ಮುಂದೆ ಆಗುವುದು ಜಾಸ್ತಿ. ಹೆಚ್ಚಿನ ತಪ್ಪುಗಳು ಇಲ್ಲೇ ಆಗುತ್ತವೆ. ತುಂಬಿದ ಮೇಲೆ ದೃಢೀಕರಣದ ಹಾಳೆ ಸಿಗುತ್ತದೆ, ಪ್ರಿಂಟ್ ತೆಗೆದಿಡಿ.

ಆಮೇಲೆ ಶುಲ್ಕ, 185 ಡಾಲರ್. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಶುಲ್ಕ ಬದಲಾಗುತ್ತಿರುತ್ತದೆ, ಕಟ್ಟುವ ದಿನ ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿ.

ಮುಂದಿನದು ಎರಡು ಅಪಾಯಿಂಟ್‌ಮೆಂಟ್. ಒಂದು ಬೆರಳಚ್ಚು ಮತ್ತು ಫೋಟೊಗೆ, ವೀಸಾ ಅರ್ಜಿ ಕೇಂದ್ರದಲ್ಲಿ. ಇನ್ನೊಂದು ಸಂದರ್ಶನ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ. ಸಂದರ್ಶನದ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆಗಸ್ಟ್‌ನಲ್ಲಿ ಹೋಗುವವರು ಹಿಂದಿನ ದೀಪಾವಳಿ ಮುಗಿಯುತ್ತಿದ್ದಂತೆ ಅರ್ಜಿ ಹಾಕಿ. ದಿನಾಂಕ ‘ಬೇಗ ಕೊಡಿಸುತ್ತೇವೆ’ ಎನ್ನುವ ಏಜೆಂಟರ ಕೈಗೆ ನಿಮ್ಮ ಲಾಗಿನ್, ಪಾಸ್‌ವರ್ಡ್ ಕೊಡಬೇಡಿ.

ಸಂದರ್ಶನದ ದಿನ ಮೊಬೈಲ್ ಒಳಗೆ ಬಿಡುವುದಿಲ್ಲ, ದೊಡ್ಡ ಬ್ಯಾಗೂ ಬಿಡುವುದಿಲ್ಲ. ಜೊತೆಗೆ ಬಂದವರು ಹೊರಗೆ ನಿಮ್ಮ ಫೋನ್ ಹಿಡಿದುಕೊಂಡಿರಲಿ. ಮೆಟ್ರೊ 3ರಲ್ಲಿ ಬಿಕೆಸಿ ನಿಲ್ದಾಣ ಬಂದ ಮೇಲೆ ಆ ಕಡೆ ಹೋಗುವುದು ಸುಲಭವಾಗಿದೆ. ಪುಣೆಯವರು ಬೆಳಗಿನ ಸ್ಲಾಟ್ ಸಿಕ್ಕಿದ್ದರೆ ಹಿಂದಿನ ರಾತ್ರಿಯೇ ಮುಂಬೈಗೆ ಬಂದು ಉಳಿಯಿರಿ. ಘಾಟ್‌ನಲ್ಲಿ ಬಸ್ಸೋ ರೈಲೋ ನಿಂತರೆ ತಿಂಗಳುಗಳ ಕಾಯುವಿಕೆ ನೀರಲ್ಲಿ ಹೋಮ.

ಒಳಗೆ ಕೇಳುವುದು ಎರಡು ಮೂರು ನಿಮಿಷದ ಪ್ರಶ್ನೆ ಅಷ್ಟೇ: ಯಾಕೆ ಹೋಗುತ್ತಿದ್ದೀರಿ, ಎಷ್ಟು ದಿನ, ಖರ್ಚು ಯಾರದು, ಇಲ್ಲಿ ಏನು ಮಾಡುತ್ತೀರಿ. ಇಂಗ್ಲಿಷ್ ಕಷ್ಟವಾದರೆ ಹಿಂದಿಯಲ್ಲೋ ಮರಾಠಿಯಲ್ಲೋ ಮಾತಾಡಬಹುದು. ‘ಮಗಳ ಮನೆಗೆ ಹೋಗುತ್ತೇವೆ, ಮೊಮ್ಮಗನ ಜೊತೆ ಬೇಸ್‌ಬಾಲ್ ನೋಡುತ್ತೇವೆ, ಸೆಪ್ಟೆಂಬರ್‌ನಲ್ಲಿ ವಾಪಸ್’ ಎಂಬುದು ನಿಜವಾಗಿದ್ದರೆ ಅದನ್ನೇ ಹೇಳಿ. ಬಾಯಿಪಾಠ ಮಾಡಿದ ಉತ್ತರ ಬೇಡ. ವೀಸಾ ಕೈಗೆ ಬರುವವರೆಗೆ ವಾಪಸ್ ಮಾಡಲಾಗದ ವಿಮಾನ ಟಿಕೆಟ್ ಕೊಳ್ಳಬೇಡಿ.

ಪ್ರಯಾಣದ ಆರೋಗ್ಯ ವಿಮೆ ಮರೆಯಬೇಡಿ. ಅಮೆರಿಕದ ಆಸ್ಪತ್ರೆ ಖರ್ಚು ನಮ್ಮ ಊಹೆಗೆ ನಿಲುಕುವಂಥದ್ದಲ್ಲ. ಬಿಪಿ, ಸಕ್ಕರೆ ಕಾಯಿಲೆಯಂಥ ಮೊದಲೇ ಇರುವ ತೊಂದರೆಗಳಿಗೆ ಆ ವಿಮೆ ಅನ್ವಯಿಸುತ್ತದಾ ಅಂತ ಓದಿ ನೋಡಿ. ಮಾತ್ರೆಗಳು ಅವುಗಳ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ.

ಹಂತ 3: ಉಳಿಯುವ ಜಾಗ

ಇದೇ ನಿಜವಾದ ಸಮಸ್ಯೆ. ವಿಲಿಯಮ್ಸ್‌ಪೋರ್ಟ್ ಮೂವತ್ತು ಸಾವಿರ ಜನರೂ ಇಲ್ಲದ ಊರು. ಕೂಟದ ವಾರಗಳಿಗೆ ಅಲ್ಲಿನ ಹೋಟೆಲುಗಳು ಎಷ್ಟೋ ತಿಂಗಳ ಮೊದಲೇ ತುಂಬಿಹೋಗುತ್ತವೆ, ಉಳಿದ ಕೋಣೆಗಳ ಬಾಡಿಗೆ ಆಕಾಶ ಮುಟ್ಟುತ್ತದೆ. ಅಲ್ಲೇ ಬೇಕು ಅಂತ ಹಟ ಮಾಡಬೇಡಿ. ದಕ್ಷಿಣಕ್ಕೆ ಲೂಯಿಸ್‌ಬರ್ಗ್, ಪಶ್ಚಿಮಕ್ಕೆ ಲಾಕ್ ಹೇವನ್, ಇನ್ನೂ ಸ್ವಲ್ಪ ದೂರದ ಬ್ಲೂಮ್ಸ್‌ಬರ್ಗ್, ಸ್ಟೇಟ್ ಕಾಲೇಜ್ ಊರುಗಳಲ್ಲಿ ಹುಡುಕಿ.

ಅಲ್ಲೂ ಒಂದು ತೊಡಕಿದೆ. ಲೂಯಿಸ್‌ಬರ್ಗ್, ಸ್ಟೇಟ್ ಕಾಲೇಜ್ ಎರಡೂ ವಿಶ್ವವಿದ್ಯಾಲಯದ ಊರುಗಳು. ಆಗಸ್ಟ್ ಕೊನೆಗೆ ಅಲ್ಲಿ ತರಗತಿ ಶುರು. ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ತಂದೆ ತಾಯಂದಿರು ಬಂದು ಕೋಣೆ ಹಿಡಿದಿರುತ್ತಾರೆ. ಹಾಗಾಗಿ ತಾರೀಖು ಗೊತ್ತಾದ ದಿನವೇ, ಉಚಿತವಾಗಿ ರದ್ದು ಮಾಡಬಹುದಾದ ಕೋಣೆ ಒಂದನ್ನು ಕಾದಿರಿಸಿ. ವೀಸಾ ಬಾರದಿದ್ದರೆ ರದ್ದು ಮಾಡಿದರಾಯಿತು. ನ್ಯೂಜರ್ಸಿಯಲ್ಲಿ ಮನೆಯವರಿದ್ದರೆ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವುದೂ ಸಾಧ್ಯ. ಆದರೆ ಒಂದೇ ದಿನದಲ್ಲಿ ಆರು ಗಂಟೆ ಕಾರಲ್ಲಿ ಕೂರುವುದು ಹಿರಿಯರಿಗೆ ಹೈರಾಣ.

ಹಂತ 4: ತಲುಪುವುದು

ಮುಂಬೈಯಿಂದ ನ್ಯೂಯಾರ್ಕ್ ಅಥವಾ ನ್ಯೂವಾರ್ಕ್‌ಗೆ ಹೋಗುವುದು ಅನುಕೂಲ. ವಿಲಿಯಮ್ಸ್‌ಪೋರ್ಟ್‌ಗೆ ಸ್ವಂತ ವಿಮಾನ ನಿಲ್ದಾಣ ಇದೆ, ಆದರೆ ಪ್ರಯಾಣಿಕ ವಿಮಾನಗಳು 2021ರಲ್ಲಿ ನಿಂತವು. ಹಳೆಯ ಲೇಖನಗಳಲ್ಲಿ ಇನ್ನೂ ಅದನ್ನು ಬರೆದಿರುತ್ತಾರೆ, ನಂಬಬೇಡಿ. ಒಳನಾಡಿನ ವಿಮಾನವೇ ಬೇಕಿದ್ದರೆ ಸ್ಕ್ರಾಂಟನ್, ಸ್ಟೇಟ್ ಕಾಲೇಜ್ ಅಥವಾ ಹ್ಯಾರಿಸ್‌ಬರ್ಗ್‌ಗೆ ಹೋಗಿ ಅಲ್ಲಿಂದ ಕಾರು ಹಿಡಿಯಬೇಕು.

ನ್ಯೂಜರ್ಸಿಯ ಎಡಿಸನ್ ಕಡೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ಐ-80 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಯುಎಸ್-15ರಲ್ಲಿ ಉತ್ತರಕ್ಕೆ ತಿರುಗಿದರೆ ಗುಡ್ಡ ಇಳಿದ ಮೇಲೆ ಮೈದಾನ ಸಿಗುತ್ತದೆ. ದಾರಿ ಚೆನ್ನಾಗಿದೆ, ಮಳೆಗಾಲದ ಲೋನಾವಳದಷ್ಟೇ ಹಸಿರು. ಆದರೆ ಕತ್ತಲಾದ ಮೇಲೆ ರಸ್ತೆಗೆ ಜಿಂಕೆ ನುಗ್ಗುತ್ತದೆ. ರಾತ್ರಿ ಪಂದ್ಯ ಮುಗಿಸಿ ಹೊರಟವರು ನಿಧಾನವಾಗಿ ಓಡಿಸಿ.

ಕಾರು ಇಲ್ಲದೆ ಈ ಊರು ಕಷ್ಟ. ಮುಂಬೈಯ ಲೋಕಲ್‌ನಂತೆ ಗಳಿಗೆಗೊಂದು ಗಾಡಿ ಇಲ್ಲಿಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಮಹಾರಾಷ್ಟ್ರದ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಮೊದಲ ದಿನವೇ ಹೆದ್ದಾರಿಗೆ ಇಳಿಯದೆ ಮನೆಯ ಸುತ್ತಲಿನ ಬೀದಿಗಳಲ್ಲಿ ಕೈ ಕುದುರಿಸಿಕೊಳ್ಳಿ.

ಹಂತ 5: ಒಳಗೆ ಹೋಗುವುದು, ಜಾಗ ಹಿಡಿಯುವುದು

ಎರಡು ಮೈದಾನಗಳಿವೆ. ದೊಡ್ಡದು ಲಮಾಡೆ ಸ್ಟೇಡಿಯಂ, 1959ರದ್ದು. ಪಕ್ಕದ್ದು ವಾಲಂಟಿಯರ್ ಸ್ಟೇಡಿಯಂ, 2001ರದ್ದು. ಪಂದ್ಯಗಳು ಎರಡರಲ್ಲೂ ಸರದಿಯಂತೆ ನಡೆಯುತ್ತವೆ. ನಡೆದು ಹೋಗುವಷ್ಟು ಹತ್ತಿರ, ಆದ್ದರಿಂದ ಒಂದೇ ದಿನ ಎರಡೂ ಕಡೆ ನೋಡಬಹುದು. ಹಿರಿಯರಿಗೆ ನಾನು ಹೇಳುವುದು ವಾಲಂಟಿಯರ್ ಸ್ಟೇಡಿಯಂ. ಅದು ಸಣ್ಣದು, ಆಟ ಹತ್ತಿರದಿಂದ ಕಾಣುತ್ತದೆ.

ಲಮಾಡೆಯ ಆಚೆ ಬದಿಗೆ ಹುಲ್ಲಿನ ಗುಡ್ಡ ಇದೆ. ಅಲ್ಲಿ ಜನ ಜಮಖಾನ ಹಾಸಿ, ಮಡಚುವ ಕುರ್ಚಿ ಇಟ್ಟು ಕೂರುತ್ತಾರೆ. ಮಕ್ಕಳು ರಟ್ಟಿನ ತುಂಡಿನ ಮೇಲೆ ಕೂತು ಆ ಇಳಿಜಾರಿನಲ್ಲಿ ಜಾರುತ್ತಾರೆ, ಆಟಕ್ಕಿಂತ ಇದೇ ಅವರಿಗೆ ಇಷ್ಟವಾದರೂ ಆಶ್ಚರ್ಯವಿಲ್ಲ. ಮೊಮ್ಮಕ್ಕಳಿಗೆ ಹಳೆಯ ಪ್ಯಾಂಟು ಹಾಕಿಸಿ, ಹುಲ್ಲಿನ ಕಲೆ ಹೋಗುವುದಿಲ್ಲ.

ಕೊನೆಯ ವಾರಾಂತ್ಯದ ದೊಡ್ಡ ಪಂದ್ಯಗಳಿಗೆ ಮಾತ್ರ ಲಮಾಡೆಯ ಒಳಗಿನ ಆಸನಕ್ಕೆ ಪಾಸ್ ಬೇಕು. ಅದನ್ನೂ ಮಾರುವುದಿಲ್ಲ, ಚೀಟಿ ಎತ್ತಿ ಹಂಚುತ್ತಾರೆ. ಅದಕ್ಕೆ ಹೆಸರು ಕೊಡುವ ವಿಧಾನ ಅಧಿಕೃತ ತಾಣದಲ್ಲಿ ಬರುತ್ತದೆ. ಗುಡ್ಡದ ಮೇಲೆ ಕೂರಲು ಆ ಪಾಸೂ ಬೇಡ. ಯಾವುದೋ ತಾಣ ‘ಲಿಟಲ್ ಲೀಗ್ ಟಿಕೆಟ್’ ಅಂತ ಇಷ್ಟು ಡಾಲರ್ ಕೇಳಿದರೆ ಅದು ಮೋಸ. ಮುಚ್ಚಿಬಿಡಿ.

ಬಾಗಿಲಲ್ಲಿ ತಪಾಸಣೆ ಇರುತ್ತದೆ. ಏನು ಒಯ್ಯಬಹುದು, ಏನು ಕೂಡದು ಎಂಬ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮುಂಚಿನ ದಿನ ನೋಡಿಕೊಳ್ಳಿ. ಮದ್ಯ ಮತ್ತು ತಂಬಾಕು ಇಡೀ ಆವರಣದಲ್ಲೇ ಇಲ್ಲ. ಮಕ್ಕಳ ಜೊತೆ ನೆಮ್ಮದಿಯಾಗಿ ಕೂರಬಹುದು ಅನ್ನುವುದಕ್ಕೆ ಇದೂ ಒಂದು ಕಾರಣ. ಗುಟ್ಕಾ, ಜರ್ದಾ ಅಭ್ಯಾಸ ಇರುವವರು ಜೇಬು ಖಾಲಿ ಮಾಡಿಕೊಂಡು ಹೋಗಿ.

ಹಂತ 6: ಚೀಲದಲ್ಲಿ ಏನಿರಬೇಕು

ಮಧ್ಯಾಹ್ನ ಬಿಸಿಲು ಸುಡುತ್ತದೆ. ಸಂಜೆ ಏಳರ ಪಂದ್ಯಕ್ಕೆ ಸ್ವೆಟರ್ ಬೇಕಾಗುತ್ತದೆ. ಟೋಪಿ, ನೀರು, ತೆಳು ಸ್ವೆಟರ್, ಕೂರಲು ಜಮಖಾನ. ಮಳೆ ಗುಡುಗು ಬಂದರೆ ಆಟ ನಿಲ್ಲುತ್ತದೆ. ಮಿಂಚು ಕಂಡರೆ ಎಲ್ಲರನ್ನೂ ಒಳಗೆ ಹೋಗಿ ಅನ್ನುತ್ತಾರೆ, ಆ ಮಾತು ತಕ್ಷಣ ಕೇಳಿ. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಆಟ ಕಾಣುವುದಿಲ್ಲ. ಮುಂಬೈಯವರ ಮನೆಯಲ್ಲಿ ರೇನ್‌ಕೋಟ್‌ಗೆ ಬರವೇ, ಅದನ್ನೇ ಒಯ್ಯಿರಿ.

ಊಟದ್ದು ಸಸ್ಯಾಹಾರಿಗಳಿಗೆ ಸ್ವಲ್ಪ ಯೋಚನೆಯ ವಿಷಯ. ಅಂಗಡಿಗಳಲ್ಲಿ ಆಲೂ ಫ್ರೈ, ಪಿಜ್ಜಾ, ಸಿಹಿ ತಿಂಡಿ ಸಿಗುತ್ತವೆ. ದಿನವಿಡೀ ಅದರಲ್ಲೇ ಕಳೆಯುವುದು ಹೊಟ್ಟೆಗೆ ಭಾರ. ಮಗಳ ಮನೆಯಿಂದಲೇ ಚಪಾತಿ, ಚಿತ್ರಾನ್ನ, ಹಚ್ಚಿದ ಅವಲಕ್ಕಿ ಕಟ್ಟಿಸಿಕೊಂಡು ಬನ್ನಿ. ಒಳಗೆ ಬಿಡದಿದ್ದರೆ ಕಾರಿನಲ್ಲಿಟ್ಟು ಎರಡು ಪಂದ್ಯಗಳ ನಡುವೆ ಹೋಗಿ ತಿನ್ನಿ. ಮುಂಬೈಯಿಂದ ಚಟ್ನಿಪುಡಿ, ಸಾರಿನ ಪುಡಿ ಒಯ್ಯುವವರು ಕಸ್ಟಮ್ಸ್‌ನವರಿಗೆ ತಿನಿಸು ಇದೆ ಅಂತ ಹೇಳಿಬಿಡಿ. ಹಣ್ಣು, ತರಕಾರಿ, ಹಸಿ ಕರಿಬೇವು ಮಾತ್ರ ಬೇಡವೇ ಬೇಡ. ಕರಿಬೇವು ಸಿಕ್ಕಿಬಿದ್ದರೆ ಕಿತ್ತುಕೊಳ್ಳುತ್ತಾರೆ, ಹೇಳದೆ ಮುಚ್ಚಿಟ್ಟಿದ್ದರೆ ದಂಡವೂ ಬೀಳಬಹುದು.

ಹಂತ 7: ಆಟ ಅರ್ಥಮಾಡಿಕೊಳ್ಳುವುದು

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಒಂದು ಪಂದ್ಯದಲ್ಲೇ ಹಿಡಿಯುತ್ತದೆ. ಆದರೆ ನಾಲ್ಕಾರು ಮಾತು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಜನ ಯಾಕೆ ಕೂಗುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಚೆಂಡು ಎಸೆಯುವವನು ಪಿಚರ್. ಚೆಂಡು ನೆಲಕ್ಕೆ ಪುಟಿಯದೆ ನೇರ ಬರುತ್ತದೆ. ಬ್ಯಾಟರ್‌ನ ಹಿಂದೆ ಕೂತು ಹಿಡಿಯುವವನು ಕ್ಯಾಚರ್. ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗಿನ ಎತ್ತರದಲ್ಲಿ, ನೆಲದ ಮೇಲಿನ ಬಿಳಿ ಹಲಗೆಯ ನೇರಕ್ಕೆ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ ಅದು ‘ಸ್ಟ್ರೈಕ್’. ಬೀಸಿ ತಪ್ಪಿಸಿದರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಆ ಜಾಗದ ಹೊರಗೆ ಬಂದು, ಬ್ಯಾಟರ್ ಬೀಸದೆ ಬಿಟ್ಟರೆ ಅದು ‘ಬಾಲ್’. ಅಂಥ ನಾಲ್ಕು ಸಿಕ್ಕರೆ ಬ್ಯಾಟರ್ ಪುಕ್ಕಟೆ ಮೊದಲ ಬೇಸಿಗೆ ನಡೆದುಹೋಗುತ್ತಾನೆ. ಬೇಸ್ ಅಂದರೆ ಮುಟ್ಟಿಕೊಂಡು ಓಡಬೇಕಾದ ಮೂಲೆ. ನಾಲ್ಕೂ ಸುತ್ತಿ ಬಂದರೆ ಒಂದು ರನ್. ಕ್ರಿಕೆಟ್‌ನಲ್ಲಿ ವಿಕೆಟ್ಟಿನ ಹಿಂದಕ್ಕೆ ಹೊಡೆದರೂ ರನ್ ಉಂಟು. ಇಲ್ಲಿ ಎರಡು ಬಿಳಿ ಗೆರೆಗಳ ಒಳಗೇ ಹೊಡೆಯಬೇಕು, ಹೊರಗೆ ಹೋದರೆ ‘ಫೌಲ್’.

ಮೂರು ಔಟ್ ಆದರೆ ತಂಡಗಳು ಜಾಗ ಬದಲಿಸುತ್ತವೆ. ಎರಡೂ ತಂಡ ಒಂದೊಂದು ಸಲ ಆಡಿದರೆ ಒಂದು ಇನ್ನಿಂಗ್ಸ್. ದೊಡ್ಡವರಿಗೆ 9, ಇಲ್ಲಿ 6. ಮೂರು ಇನ್ನಿಂಗ್ಸ್ ಆದ ಮೇಲೆ 15 ರನ್, ಅಥವಾ ನಾಲ್ಕು ಆದ ಮೇಲೆ 10 ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಸೋಲುವ ಮಕ್ಕಳನ್ನು ಸುಮ್ನೆ ಗೋಳು ಹೊಯ್ದುಕೊಳ್ಳಬಾರದು ಅಂತ ಈ ನಿಯಮ. ತಡವಾಗಿ ಬಂದರೆ ಇಡೀ ಪಂದ್ಯವೇ ತಪ್ಪಬಹುದು.

ಮಕ್ಕಳ ಆಟ ಅಂತ ಹಗುರ ಮಾಡಬೇಡಿ. ಇಲ್ಲಿ ಪಿಚರ್ ನಿಲ್ಲುವುದು ಬ್ಯಾಟರ್‌ನಿಂದ 46 ಅಡಿ ದೂರದಲ್ಲಿ, ದೊಡ್ಡವರ ಆಟದಲ್ಲಿ ಅದು 60 ಅಡಿ 6 ಇಂಚು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಎಸೆಯುವ ಹುಡುಗರು ಇಲ್ಲಿದ್ದಾರೆ. ಆ ದೂರಕ್ಕೆ ಲೆಕ್ಕ ಹಾಕಿದರೆ, ಬ್ಯಾಟರ್‌ಗೆ ಸಿಗುವ ಸಮಯ ದೊಡ್ಡವರ ಮೈದಾನದ 145 ಕಿ.ಮೀ. ಎಸೆತಕ್ಕೆ ಸಿಗುವಷ್ಟೇ. ಹನ್ನೆರಡು ವರ್ಷದ ಮಗು ಅದನ್ನು ಕಣ್ಣಲ್ಲಿ ಹಿಡಿದು ಹೊಡೆಯಬೇಕು, ಸುಲಭ ಅಲ್ಲ ಅಲ್ವಾ.

ಎಲ್ಲಕ್ಕಿಂತ ಮುಖ್ಯವಾದದ್ದು ಎಸೆತದ ಲೆಕ್ಕ. ಮೊದಲ ಸಲ ನೋಡುವವರಿಗೆ ಗೊಂದಲ ಆಗುವುದೇ ಇಲ್ಲಿ. ಪಿಚರ್ ಚೆನ್ನಾಗಿ ಎಸೆಯುತ್ತಿರುತ್ತಾನೆ, ಒಬ್ಬನೂ ಹೊಡೆಯಲಾರ. ಅಷ್ಟರಲ್ಲಿ ಕೋಚ್ ಬಂದು ಚೆಂಡು ತೆಗೆದುಕೊಂಡು ಇನ್ನೊಬ್ಬನಿಗೆ ಕೊಡುತ್ತಾನೆ. ಇದೆಂಥ ಅನ್ಯಾಯ ಅನಿಸುತ್ತದೆ. ಅನ್ಯಾಯ ಅಲ್ಲ, ಬೆಳೆಯುವ ತೋಳು ಉಳಿಸುವ ನಿಯಮ. 11, 12 ವರ್ಷದ ಮಗು ದಿನಕ್ಕೆ 85 ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಆ ಅಂಕಿ ಮುಟ್ಟುವಾಗ ಎದುರಿಗಿರುವ ಬ್ಯಾಟರ್‌ನ ಸರದಿ ಮುಗಿಸಲು ಮಾತ್ರ ಬಿಡುತ್ತಾರೆ. ಎಸೆದಷ್ಟಕ್ಕೆ ತಕ್ಕ ವಿಶ್ರಾಂತಿಯೂ ಕಡ್ಡಾಯ: 66 ಅಥವಾ ಜಾಸ್ತಿ ಎಸೆದರೆ ನಾಲ್ಕು ದಿನ, 51ರಿಂದ 65ಕ್ಕೆ ಮೂರು, 36ರಿಂದ 50ಕ್ಕೆ ಎರಡು, 21ರಿಂದ 35ಕ್ಕೆ ಒಂದು. 20ರೊಳಗೆ ನಿಲ್ಲಿಸಿದರೆ ನಾಳೆಯೂ ಎಸೆಯಬಹುದು.

ಈಗ ಕೋಚ್‌ನ ತಲೆ ಹೇಗೆ ಓಡುತ್ತದೆ ನೋಡಿ. ಒಳ್ಳೆಯ ಪಿಚರ್ 20 ಎಸೆತ ಮುಗಿಸಿದ್ದಾನೆ, ತಂಡ ಆರು ರನ್ ಮುಂದಿದೆ. ಇಲ್ಲೇ ತೆಗೆದರೆ ನಾಳಿನ ಕಠಿಣ ಪಂದ್ಯಕ್ಕೆ ಅವನು ಸಿಗುತ್ತಾನೆ. ಇನ್ನೊಂದೇ ಬ್ಯಾಟರ್‌ಗೆ ಬಿಟ್ಟರೆ ಸಿಗುವುದಿಲ್ಲ. ಸ್ಕೋರ್‌ಬೋರ್ಡಿನಲ್ಲಿ ಎಸೆತದ ಸಂಖ್ಯೆಯ ಮೇಲೆ ಒಂದು ಕಣ್ಣಿಡಿ. 20, 35, 50, 65 ಹತ್ತಿರ ಬಂದಾಗ ಕೋಚ್ ಎದ್ದು ನಿಲ್ಲುವುದನ್ನು ಗಮನಿಸಿ. ಅರ್ಧ ಆಟ ನಡೆಯುವುದು ಈ ಲೆಕ್ಕದಲ್ಲೇ. ಮುಂದಿನ ವಾರ ಯಾರು ಗೆಲ್ಲಬಹುದು ಎಂಬುದನ್ನೂ ನೀವೇ ಊಹಿಸತೊಡಗುತ್ತೀರಿ.

ಇನ್ನೆರಡು ಮಾತು. ಚೆಂಡು ಬ್ಯಾಟರ್ ತನಕ ತಲುಪುವವರೆಗೆ ಬೇಸಿನಲ್ಲಿರುವ ಓಟಗಾರ ಹೊರಡುವಂತಿಲ್ಲ, ಟಿವಿಯಲ್ಲಿ ದೊಡ್ಡವರ ಆಟ ನೋಡಿದವರಿಗೆ ಇದು ಬೇರೆ ಅನಿಸುತ್ತದೆ. ಹಾಗೆಯೇ ತಂಡದ ಎಲ್ಲ ಮಕ್ಕಳೂ ಬ್ಯಾಟಿಂಗ್ ಸರದಿಯಲ್ಲಿ ಇರುತ್ತಾರೆ, ಬೆಂಚು ಕಾಯಿಸಿ ವಾಪಸ್ ಕಳಿಸುವುದಿಲ್ಲ. ಹುಡುಗಿಯರೂ ಇಲ್ಲಿ ಆಡುತ್ತಾರೆ. 2014ರಲ್ಲಿ ಫಿಲಡೆಲ್ಫಿಯಾದ ಮೊನೇ ಡೇವಿಸ್ ಎದುರಾಳಿಗೆ ಒಂದು ರನ್ನೂ ಕೊಡದೆ ಪಂದ್ಯ ಮುಗಿಸಿದಳು. ಈ ಕೂಟದಲ್ಲಿ ಹಾಗೆ ಮಾಡಿದ ಮೊದಲ ಹುಡುಗಿ ಅವಳು. ನಿಮ್ಮ ಮೊಮ್ಮಗಳಿಗೆ ಹೇಳಿ.

ಸೋಲಿನ ಲೆಕ್ಕ: ಕೊನೆಯ ಶನಿವಾರಕ್ಕೆ ಮುಂಚೆ ಒಂದು ಸಲ ಸೋತರೆ ತಂಡ ಹೊರಗೆ ಹೋಗುವುದಿಲ್ಲ, ಎರಡನೇ ಸೋಲಿಗೆ ಹೋಗುತ್ತದೆ. ಕೊನೆಯ ಶನಿವಾರ ಅಮೆರಿಕದ ಗುಂಪಿನಲ್ಲಿ ಒಂದು ತಂಡ, ಹೊರದೇಶದ ಗುಂಪಿನಲ್ಲಿ ಒಂದು ತಂಡ ಗೆಲ್ಲುತ್ತದೆ. ಭಾನುವಾರ ಅವೆರಡರ ನಡುವೆ ಫೈನಲ್.

ಹಂತ 8: ಆಡುತ್ತಿರುವುದು ಮಕ್ಕಳು ಎಂಬ ನೆನಪಿರಲಿ

ವಾಂಖೆಡೆಯಲ್ಲಿ ಬೌಲರ್‌ಗೆ ಕೂಗಿದಂತೆ ಇಲ್ಲಿ ಕೂಗಬೇಡಿ. ತಪ್ಪು ಮಾಡಿದ ಮಗುವಿನ ತಾಯಿ ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಅಂಪೈರ್‌ಗಳು ಸಂಬಳವಿಲ್ಲದೆ ಸೇವೆಗೆ ಬಂದವರು, ಅವರ ಮೇಲೂ ಹಾರಾಟ ಬೇಡ. ಎರಡೂ ಕಡೆಯ ಒಳ್ಳೆಯ ಆಟಕ್ಕೆ ಚಪ್ಪಾಳೆ ಹೊಡೆಯುವುದು ಅಲ್ಲಿನ ರೂಢಿ.

ತಂಡಗಳು ಉಳಿಯುವ ವಸತಿ ಪ್ರದೇಶಕ್ಕೆ ಹೊರಗಿನವರಿಗೆ ಪ್ರವೇಶ ಇಲ್ಲ. ‘ನಾವು ಭಾರತದಿಂದ ಬಂದಿದ್ದೇವೆ, ಒಂದು ನಿಮಿಷ’ ಅಂತ ಗಾರ್ಡ್‌ಗಳ ಹತ್ತಿರ ಕೇಳಿಕೊಳ್ಳಬೇಡಿ, ಅದು ಮಕ್ಕಳ ರಕ್ಷಣೆಯ ವಿಷಯ. ಮೈದಾನದ ಸುತ್ತ ಆಟಗಾರರು ಸಿಕ್ಕಿದಾಗ ಹಸ್ತಾಕ್ಷರ ಕೇಳಬಹುದು, ಖುಷಿಯಿಂದ ಕೊಡುತ್ತಾರೆ. ಫೋಟೊಗೆ ಮೊದಲು ಜೊತೆಗಿರುವ ದೊಡ್ಡವರನ್ನು ಕೇಳಿ. ಬೇರೆಯವರ ಮಗುವಿನ ಚಿತ್ರ, ಹೆಸರು ಸಮೇತ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.

ಪಿನ್ ವಿನಿಮಯ ಇಲ್ಲಿಯ ದೊಡ್ಡ ಸಂಭ್ರಮ. ಅಂಗಿಗೆ ಚುಚ್ಚುವ ಸಣ್ಣ ಬಣ್ಣದ ಬಿಲ್ಲೆಗಳನ್ನು ಪಿನ್ ಅನ್ನುತ್ತಾರೆ. ತಂಡಗಳಿಗೆ, ರಾಜ್ಯಗಳಿಗೆ, ಊರುಗಳಿಗೆ ತಮ್ಮ ತಮ್ಮ ಪಿನ್ ಇರುತ್ತದೆ, ಜನ ಒಂದಕ್ಕೊಂದು ಬದಲಾಯಿಸಿಕೊಳ್ಳುತ್ತಾರೆ. ಹಣದ ಮಾತು ಎತ್ತಬೇಡಿ. ಹೊರಡುವ ಮುಂಚೆ ಟ್ರೋಫಿ, ಬ್ಯಾಡ್ಜ್ ಮಾಡುವ ಅಂಗಡಿಯಲ್ಲಿ ತಿರಂಗಾದ್ದೋ, ನಿಮ್ಮ ಕನ್ನಡ ಸಂಘದ್ದೋ ಒಂದಷ್ಟು ಪಿನ್ ಮಾಡಿಸಿಕೊಂಡು ಹೋಗಿ. ಭಾರತದ ಪಿನ್ ಅಲ್ಲಿ ಅಪರೂಪ, ಮೊಮ್ಮಗನ ಸುತ್ತ ಮಕ್ಕಳು ಸೇರಿಬಿಡುತ್ತಾರೆ. ಭಾಷೆ ಬಾರದವರಿಗೂ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪಂದ್ಯವಿಲ್ಲದ ಬೆಳಗ್ಗೆ ಆವರಣದ ಪಕ್ಕದಲ್ಲೇ ಇರುವ ವರ್ಲ್ಡ್ ಆಫ್ ಲಿಟಲ್ ಲೀಗ್ ಮ್ಯೂಸಿಯಂ ನೋಡಿ. ಕೂಟ ಶುರುವಾಗುವ ಮುನ್ನ ವಿಲಿಯಮ್ಸ್‌ಪೋರ್ಟ್ ಪೇಟೆಯಲ್ಲಿ ತಂಡಗಳ ಮೆರವಣಿಗೆ ಇರುತ್ತದೆ. ಆ ಸಂಜೆಗೆ ಊರು ತಲುಪಿದರೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡಬಹುದು.

ಹಂತ 9: ಈ ವರ್ಷ ಹೋಗಲಾಗದವರು

ಅಮೆರಿಕದ ಪೂರ್ವ ಭಾಗದ ಗಡಿಯಾರ ಆಗಸ್ಟ್‌ನಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 1ರ ಪಂದ್ಯ ಇಲ್ಲಿ ರಾತ್ರಿ 10:30ಕ್ಕೆ. 3ರದ್ದು ನಡುರಾತ್ರಿ 12:30ಕ್ಕೆ, ಆಗ ನಮ್ಮಲ್ಲಿ ತಾರೀಖು ಬದಲಾಗಿರುತ್ತದೆ. ಸ್ಕೋರು, ವೇಳಾಪಟ್ಟಿ ಎರಡೂ ಲಿಟಲ್ ಲೀಗ್ ತಾಣದಲ್ಲಿ ಸಿಗುತ್ತವೆ. ಇಡೀ ರಾತ್ರಿ ಎಚ್ಚರ ಇರುವ ಬದಲು ಮೊದಲ ಪಂದ್ಯ ಒಂದನ್ನು ಹಿಂಬಾಲಿಸಿ ಮಲಗಿ.

ಅಮೆರಿಕ ದೂರವಾಯಿತು ಅನ್ನುವವರಿಗೆ ತೈವಾನ್ ಇದೆ. ವಿಶ್ವ ಬೇಸ್‌ಬಾಲ್ ಸಂಸ್ಥೆಯ 12 ವರ್ಷದೊಳಗಿನವರ ವಿಶ್ವಕಪ್ 2015ರಿಂದ ತೈನಾನ್ ನಗರದಲ್ಲೇ ನಡೆಯುತ್ತಿದೆ. ಕಳೆದ ಕೂಟಗಳು 2023 ಮತ್ತು 2025ರಲ್ಲಿ ಆದವು. ಇದು ಲಿಟಲ್ ಲೀಗ್‌ಗಿಂತ ಬೇರೆ: ಇಲ್ಲಿ ಊರಿನ ತಂಡಗಳಲ್ಲ, ದೇಶದ ತಂಡಗಳು ಆಡುತ್ತವೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇರುವ ಭಾರತೀಯರಿಗೆ ತೈವಾನ್ ಆನ್‌ಲೈನ್‌ನಲ್ಲೇ ಪ್ರಯಾಣ ಪರವಾನಗಿ ಕೊಡುತ್ತದೆ. ಉಳಿದ ಹೆಚ್ಚಿನವರು ವೀಸಾ ಮಾಡಿಸಬೇಕು. ತೈವಾನಿನ ಕಚೇರಿ 2024ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲೂ ತೆರೆದಿದೆ, ವಿಚಾರಣೆಗೆ ದಿಲ್ಲಿ, ಚೆನ್ನೈವರೆಗೆ ಓಡಬೇಕಾಗಿಲ್ಲ. ಬ್ಯಾಂಕಾಕ್, ಸಿಂಗಪುರ ಅಥವಾ ಹಾಂಗ್‌ಕಾಂಗ್ ಮೂಲಕ ತೈಪೆ ತಲುಪಿ, ಅಲ್ಲಿಂದ ವೇಗದ ರೈಲಿನಲ್ಲಿ ತೈನಾನ್‌ಗೆ ಹೋಗಬಹುದು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಸಂಜೆ 6:30ರ ಪಂದ್ಯ ಇಲ್ಲಿ ಸಂಜೆ 4ಕ್ಕೇ ಶುರು.